ಮೂರನೇ ಕ್ವಾರ್ಟರ್‌ವರೆಗೆ ಗೆಲ್ಲುತ್ತಿದ್ದ ತಂಡ

ತುಂಗೆಯ ದಡದ ನಮ್ಮೂರಿನಲ್ಲಿ ಆಟಗಾರರಿಗೆ ಸಂಬಳ ಕೊಟ್ಟು ಆಡಿಸುವ ಒಂದು ಬ್ಯಾಸ್ಕೆಟ್‌ಬಾಲ್ ತಂಡವಿದೆ. ಅದರ ಹೆಸರಾಗಲಿ, ಲೀಗಿನ ಹೆಸರಾಗಲಿ, ಜನರ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಗುರುತು ಸಿಗಬಾರದೆಂದು ಪಂದ್ಯಗಳ ಲೆಕ್ಕ ಮತ್ತು ಆಟಗಾರರ ಊರುಗಳನ್ನು ಅಷ್ಟಿಷ್ಟು ಬದಲಿಸಿದ್ದೇನೆ. ಯಾರು ಯಾವ ಹೊತ್ತಿನಲ್ಲಿ ಏನು ತೀರ್ಮಾನಿಸಿದರು, ಅದರಿಂದ ಏನಾಯಿತು ಎಂಬುದನ್ನು ಮಾತ್ರ ಬದಲಿಸಿಲ್ಲ. ನಾನು ಆ ತಂಡದ ಕೋಚ್ ಅಲ್ಲ. ಕಾಲೇಜಿನಲ್ಲಿ ಆಡಿ, ಮಂಡಿ ನೋವು ಬಂದ ಮೇಲೆ ಅಂಕಣದ ಪಕ್ಕದ ಟೇಬಲ್ಲಿನಲ್ಲಿ ಕೂತು ಸ್ಕೋರ್ ಬರೆಯುವವನು. ಮೂರು ವರ್ಷ ಹತ್ತಿರದಿಂದ ನೋಡಿದ್ದನ್ನು ಬರೆಯುತ್ತಿದ್ದೇನೆ.

ತಂಡ ಹುಟ್ಟಿದ್ದು

ನಮ್ಮ ದೇಶದಲ್ಲಿ ಒಳ್ಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರ ಕನಸು ಕಾಣುವುದು ಸ್ಪೋರ್ಟ್ಸ್ ಕೋಟಾದ ನೌಕರಿಗೆ. ರೈಲ್ವೆ, ಸೇನೆ, ಓಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ತಂಡಗಳಲ್ಲಿ ಜಾಗ ಸಿಕ್ಕಿತೆಂದರೆ ಮನೆಯವರಿಗೆ ನೆಮ್ಮದಿ. 2015ರಲ್ಲಿ ಯುಬಿಎ ಹೆಸರಿನ ಲೀಗ್ ಶುರುವಾದಾಗ ಆಟವೇ ಉದ್ಯೋಗವಾದೀತೆಂದು ಹುಡುಗರು ನಂಬಿದ್ದರು. 2017ರ ನಂತರ ಅದು ನಡೆಯಲಿಲ್ಲ. ಹಾಗಾಗಿ ಖಾಸಗಿ ತಂಡದ ಸಂಬಳ ತೆಗೆದುಕೊಳ್ಳುವವನ ಒಂದು ಕಣ್ಣು ಯಾವಾಗಲೂ ನೇಮಕಾತಿ ಪ್ರಕಟಣೆಯ ಮೇಲೇ ಇರುತ್ತದೆ. ಇದು ಅವನ ತಪ್ಪಲ್ಲ. ಆದರೆ ತಂಡ ಕಟ್ಟುವವರು ಇದನ್ನು ಮರೆಯುತ್ತಾರೆ.

ನಮ್ಮ ತಂಡವನ್ನು ಕಟ್ಟಿದ್ದು ಒಬ್ಬ ಅಡಿಕೆ ಮಂಡಿ ಯಜಮಾನರು. ಅವರೂ ವಿದ್ಯಾರ್ಥಿಯಾಗಿದ್ದಾಗ ಆಡಿದವರೇ. ಇಬ್ಬರು ಸ್ನೇಹಿತರನ್ನು ಸೇರಿಸಿಕೊಂಡು ಹಣ ಹಾಕಿದರು. 12 ಜನರ ತಂಡದಲ್ಲಿ ಐವರು ಹೊರಗಿನವರು: ಬೆಂಗಳೂರಿನವರು ಮೂವರು, ತಮಿಳುನಾಡಿನವನೊಬ್ಬ, ಕೇರಳದವನೊಬ್ಬ. ಉಳಿದ ಏಳು ಹುಡುಗರು ಸಾಗರ, ತೀರ್ಥಹಳ್ಳಿ, ಭದ್ರಾವತಿ ಕಡೆಯವರು. ಹೊರಗಿನವರಿಗೆ ತಿಂಗಳ ಸಂಬಳ, ನಮ್ಮವರಿಗೆ ಪಂದ್ಯಕ್ಕಿಷ್ಟು ಭತ್ಯೆ. ಕೋಚ್ ಒಬ್ಬ ನಿವೃತ್ತ ಪಿ.ಟಿ. ಮಾಸ್ತರರು. ಊರಿನ ಅರ್ಧ ಜನ ಅವರ ಕೈಯಲ್ಲಿ ಬೆತ್ತದ ರುಚಿ ಕಂಡವರು.

ಅಭ್ಯಾಸ ಬಯಲಿನ ಸಿಮೆಂಟ್ ಅಂಕಣದಲ್ಲಿ, ಪಂದ್ಯಗಳು ಬೆಂಗಳೂರಿನ ಒಳಾಂಗಣದ ಮರದ ನೆಲದ ಮೇಲೆ. ಅಂಕಣ ಎರಡೂ ಕಡೆ 28 ಮೀಟರ್ ಉದ್ದ, 15 ಮೀಟರ್ ಅಗಲ, ರಿಂಗು 3.05 ಮೀಟರ್ ಎತ್ತರ. ಅಳತೆ ಒಂದೇ, ಆಟ ಒಂದೇ ಅಲ್ಲ. ಸಿಮೆಂಟು ಒಳ್ಳೆಯ ಚೆಂಡನ್ನು ತಿಂದುಹಾಕುತ್ತದೆಂದು ಅಭ್ಯಾಸಕ್ಕೆ ರಬ್ಬರ್ ಚೆಂಡು ಬಳಸುತ್ತಿದ್ದರು. ಲೀಗಿನಲ್ಲಿ ಕೈಗೆ ಬರುತ್ತಿದ್ದ ಚೆಂಡಿನ ಹಿಡಿತವೇ ಬೇರೆ, ಪುಟಿತವೇ ಬೇರೆ. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆ. ಅಂಕಣದ ಮೇಲೆ ಪಾಚಿ ಕಟ್ಟುತ್ತಿತ್ತು. ಲೀಗ್ ಶುರುವಾಗುತ್ತಿದ್ದದ್ದು ಮಳೆ ಮುಗಿದ ಹದಿನೈದು ದಿನಕ್ಕೆ.

ಊರು ಹೇಳಿದ ಕಾರಣಗಳು

ಮೊದಲ ವರ್ಷ 14 ಪಂದ್ಯಗಳಲ್ಲಿ ಗೆದ್ದದ್ದು 3. ಸೋಲಿಗೆ ಕಾರಣ ಹೇಳುವವರಿಗೆ ಬರವಿರಲಿಲ್ಲ. ಸಂಜೆ ಮಂಡಕ್ಕಿ ಮಿರ್ಚಿ ಗಾಡಿಯ ಹತ್ತಿರ ನಿಂತರೆ ನಾಲ್ಕು ಸಿದ್ಧಾಂತ ಕಿವಿಗೆ ಬೀಳುತ್ತಿದ್ದವು. ಹುಡುಗರಿಗೆ ದಮ್ಮಿಲ್ಲ. ಎತ್ತರದವರಿಲ್ಲ. ಮಾಸ್ತರರದ್ದು ಹಳೇ ಕಾಲದ ಆಟ. ರೆಫರಿಗಳು ಬೆಂಗಳೂರಿನವರ ಕಡೆ.

ಯಾರೂ ಗಮನಿಸದೇ ಬಿಟ್ಟ ಒಂದು ಸಂಗತಿ ನನ್ನ ಸ್ಕೋರ್ ಹಾಳೆಗಳಲ್ಲೇ ಇತ್ತು. ಒಂದು ಪಂದ್ಯವೆಂದರೆ 10 ನಿಮಿಷದ ನಾಲ್ಕು ಕ್ವಾರ್ಟರ್. ಸೋತ 11 ಪಂದ್ಯಗಳ ಪೈಕಿ 7ರಲ್ಲಿ ಮೂರನೇ ಕ್ವಾರ್ಟರ್ ಮುಗಿದಾಗ ನಾವು ಮುಂದಿದ್ದೆವು, ಇಲ್ಲವೇ ಸಮ ಇದ್ದೆವು. ತಂಡವೇ ಕೆಟ್ಟದ್ದಾಗಿದ್ದರೆ 30 ನಿಮಿಷ ಸರಿಸಮ ಆಡಲು ಸಾಧ್ಯವಿರಲಿಲ್ಲ. ಕೊನೆಯ 10 ನಿಮಿಷದಲ್ಲೇ ಏನೋ ಕಡಿದು ಬೀಳುತ್ತಿತ್ತು. ನಾನೂ ಅದನ್ನು ಆಗ ನೋಡಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಬರೆಯುವವನಿಗೆ ತಾನು ಬರೆದದ್ದನ್ನು ಓದುವ ಅಭ್ಯಾಸ ಕಡಿಮೆ.

ಮೂರು ಮದ್ದು

ಮೊದಲ ಮದ್ದು ಓಟ. ದಮ್ಮಿಲ್ಲ ಎಂಬ ಮಾತು ಎಲ್ಲರಿಗೂ ಒಪ್ಪಿಗೆಯಾಗಿತ್ತು. ಅದಕ್ಕೆ ಖರ್ಚೂ ಇರಲಿಲ್ಲ. ಮಾಸ್ತರರು ಬೆಳಗಿನ ಐದಕ್ಕೆ ಹುಡುಗರನ್ನು ಎಬ್ಬಿಸಿ ಗುಡ್ಡ ಹತ್ತಿಸಿದರು. ಎರಡು ತಿಂಗಳಿಗೆ ಹುಡುಗರು ಕಬ್ಬಿಣದಂತಾದರು. ಎರಡನೇ ವರ್ಷದ ಮೊದಲ ಮೂರು ಪಂದ್ಯಗಳನ್ನು ಸುಸ್ತಾಗದೆಯೇ ಸೋತರು.

ಎರಡನೇ ಮದ್ದು ಎತ್ತರ. ಇಬ್ಬರ ಸಂಬಳ ಒಬ್ಬನಿಗೆ ಕೊಟ್ಟು ರಿಂಗಿನ ಹತ್ತಿರ ಆಡುವ, ಆರು ಅಡಿ ಎಂಟು ಅಂಗುಲದ ಸೆಂಟರ್ ಆಟಗಾರನನ್ನು ತಂದರು. ರಿಬೌಂಡ್, ಅಂದರೆ ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು, ಹೆಚ್ಚಿದ್ದು ನಿಜ. ಎದುರಾಳಿಗಳು ಎರಡೇ ಪಂದ್ಯದಲ್ಲಿ ಉಪಾಯ ಕಂಡುಕೊಂಡರು. ರಿಂಗಿನ ಕೆಳಗೆ ಮೂವರು, ಮುಂದೆ ಇಬ್ಬರು ನಿಂತು, ಆಟಗಾರನನ್ನು ಹಿಂಬಾಲಿಸುವ ಬದಲು ಜಾಗ ಕಾಯುವ ಝೋನ್ ಕಟ್ಟಿ, ಅವನ ಕೈಗೆ ಚೆಂಡೇ ಹೋಗದಂತೆ ನೋಡಿಕೊಂಡರು. ಝೋನ್ ಮುರಿಯಬೇಕಾದರೆ ಹೊರಗಿನಿಂದ, ಮೂರು ಪಾಯಿಂಟಿನ 6.75 ಮೀಟರ್ ಗೆರೆಯ ಆಚೆಯಿಂದ ಎಸೆಯಬೇಕು. ಅಲ್ಲಿ ನಮ್ಮ ಸಾಗರದ ಹುಡುಗ ಯಾರ ಕಾವಲೂ ಇಲ್ಲದೆ ನಿಂತಿರುತ್ತಿದ್ದ. ಚೆಂಡು ಕೈಗೆ ಬಂದರೂ ಎಸೆಯುತ್ತಿರಲಿಲ್ಲ. ತಿರುಗಿ ಹೊರಗಿನ ಆಟಗಾರನಿಗೇ ಕೊಡುತ್ತಿದ್ದ. ಯಾಕೆಂದು ಆಗ ಯಾರೂ ಕೇಳಲಿಲ್ಲ. ‘ಹುಡುಗನಿಗೆ ಧೈರ್ಯ ಇಲ್ಲ ಮಾರಾಯ’ ಎಂದು ಮುಗಿಸಿದರು.

ಮೂರನೆಯದು ಕೋಚ್ ಬದಲಾವಣೆ. ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಒಬ್ಬ ಯುವ ಕೋಚ್ ಬಂದ. ತಿಳಿದವನೇ. ಹಾರ್ನ್ಸ್, ಫ್ಲೆಕ್ಸ್ ಎಂದು ಮೂವತ್ತು ನಲವತ್ತು ಬಗೆಯ ಆಟದ ವ್ಯೂಹಗಳನ್ನು ಇಂಗ್ಲಿಷಿನಲ್ಲಿ ವಿವರಿಸಿದ. ನಮ್ಮ ಏಳು ಹುಡುಗರು ತಲೆಯಾಡಿಸಿದರು. ಮಲೆನಾಡಿನ ಹುಡುಗ ದೊಡ್ಡವರ ಎದುರು ತಲೆಯಾಡಿಸಿದರೆ ‘ಕೇಳಿಸಿತು’ ಎಂದಷ್ಟೇ ಅರ್ಥ, ‘ಅರ್ಥವಾಯಿತು’ ಎಂದಲ್ಲ. ಇದು ಆ ಕೋಚ್‌ಗೆ ಗೊತ್ತಿರಲಿಲ್ಲ. ಇತ್ತ ಮಾಸ್ತರರು ಮುನಿಸಿಕೊಂಡು ಅಂಕಣದ ಕಡೆ ಬರುವುದನ್ನೇ ಬಿಟ್ಟರು.

ಎಣಿಸಲು ಕೂತದ್ದು

ಎರಡನೇ ವರ್ಷದ ಮಧ್ಯದಲ್ಲಿ, ಏಳು ಪಂದ್ಯಗಳಲ್ಲಿ ಒಂದೇ ಗೆಲುವಾಗಿದ್ದಾಗ, ಯಜಮಾನರು ನನ್ನನ್ನು ಮಂಡಿಗೆ ಕರೆಸಿದರು. ‘ಹಾಳೆ ಬರೆಯೋನು ನೀನು. ಎಲ್ಲಿ ಸೋರ್ತಿದೆ ಹೇಳು.’

ಹೇಳಲು ನನ್ನ ಹಾಳೆಯಲ್ಲಿ ಏನೂ ಇರಲಿಲ್ಲ. ಅಧಿಕೃತ ಸ್ಕೋರ್ ಹಾಳೆಯಲ್ಲಿ ಬರೆಯುವುದು ಯಾರು ಎಷ್ಟು ಪಾಯಿಂಟ್ ಹಾಕಿದರು, ಯಾರಿಗೆ ಎಷ್ಟು ಫೌಲ್, ಯಾವಾಗ ಟೈಮ್‌ಔಟ್ ಎಂಬುದನ್ನು ಮಾತ್ರ. ಚೆಂಡು ಕಳೆದುಕೊಂಡದ್ದು, ಗುರಿ ತಪ್ಪಿದ್ದು, ಸಹ ಆಟಗಾರನಿಗೆ ದಾರಿ ಮಾಡಿಕೊಟ್ಟದ್ದು ಅದರಲ್ಲಿ ಬರುವುದಿಲ್ಲ. ಎರಡು ವರ್ಷ ನಾವೆಲ್ಲ ಅದೇ ಹಾಳೆ ಹಿಡಿದು ವಾದ ಮಾಡಿದ್ದೆವು. ಬುಟ್ಟಿಗೆ ಬಿದ್ದದ್ದಕ್ಕೆ ಮಾತ್ರ ಲೆಕ್ಕವಿತ್ತು, ಚೆಲ್ಲಿ ಹೋದದ್ದಕ್ಕೆ ಇರಲಿಲ್ಲ.

ಆಟಗಾರನೊಬ್ಬನ ತಮ್ಮ ಗ್ಯಾಲರಿಯಿಂದ ಮೊಬೈಲಿನಲ್ಲಿ ತೆಗೆದ ನಾಲ್ಕು ಪಂದ್ಯಗಳ ವಿಡಿಯೋ ಇದ್ದವು. ರಾತ್ರಿ ಊಟವಾದ ಮೇಲೆ ಕೂತು ಎಣಿಸತೊಡಗಿದೆ. ದಾರಿಯನ್ನು ಡೀನ್ ಆಲಿವರ್ ಎಂಬ ಅಮೆರಿಕದ ವಿಶ್ಲೇಷಕ ಮೊದಲೇ ಹಾಕಿಕೊಟ್ಟಿದ್ದ. ಗೆಲುವು ನಾಲ್ಕು ಸಂಗತಿಗಳ ಮೇಲೆ ನಿಂತಿದೆ ಎಂಬುದು ಅವನ ಲೆಕ್ಕ: ಎಸೆತದ ಗುರಿ, ಟರ್ನೋವರ್, ರಿಬೌಂಡ್, ಎದುರಾಳಿಯ ಫೌಲಿಗೆ ಸಿಗುವ ಫ್ರೀ ಥ್ರೋ. ಅವನ ಅಂದಾಜಿನಲ್ಲಿ ಅವುಗಳ ತೂಕ ಶೇ 40, 25, 20, 15. ಟರ್ನೋವರ್ ಎಂದರೆ ಬುಟ್ಟಿಗೆ ಎಸೆಯುವ ಮೊದಲೇ ಚೆಂಡನ್ನು ಎದುರಾಳಿಗೆ ಒಪ್ಪಿಸಿಬಿಡುವುದು.

ಗುರಿಯಲ್ಲಿ ನಾವು ಎದುರಾಳಿಗಳಿಗೆ ಕಡಿಮೆ ಇರಲಿಲ್ಲ. ಸೆಂಟರ್ ಬಂದ ಮೇಲೆ ರಿಬೌಂಡಿನಲ್ಲೂ ಸಮ. ಸೋರುತ್ತಿದ್ದದ್ದು ಎರಡನೆಯದರಲ್ಲಿ, ಅದೂ ಕೊನೆಯ ಕ್ವಾರ್ಟರ್‌ನಲ್ಲಿ. ಮೊದಲ ಮೂರು ಕ್ವಾರ್ಟರ್‌ಗಳಲ್ಲಿ ತಲಾ ಮೂರು ನಾಲ್ಕು ಸಲ ಚೆಂಡು ಕಳೆದುಕೊಂಡರೆ ಕೊನೆಯದರಲ್ಲಿ ಏಳೆಂಟು ಸಲ. ಒಂದು ಕ್ವಾರ್ಟರ್‌ನಲ್ಲಿ ತಂಡವೊಂದಕ್ಕೆ ಚೆಂಡು ಸಿಗುವುದು ಸುಮಾರು 18 ಸಲ. ಅದರಲ್ಲಿ ಎಂಟು ಸಲ ಬರಿಗೈ. ಸೋಲಿನ ಅಂತರ ಮೂರು, ಐದು, ಆರು ಪಾಯಿಂಟ್. ಲೆಕ್ಕ ಕೂಡಿತು.

ಯಾಕೆ ಕೊನೆಯಲ್ಲೇ ಎಂಬುದಕ್ಕೆ ಎರಡು ರಾತ್ರಿ ಬೇಕಾಯಿತು. ಒಂದು ಕಾರಣ ಗಡಿಯಾರ. ಚೆಂಡು ಸಿಕ್ಕ 8 ಸೆಕೆಂಡಿನಲ್ಲಿ ಅರ್ಧ ಅಂಕಣ ದಾಟಬೇಕು, 24 ಸೆಕೆಂಡಿನಲ್ಲಿ ಎಸೆಯಬೇಕು. ನಮ್ಮ ಬಯಲು ಅಂಕಣದಲ್ಲಿ 24 ಸೆಕೆಂಡಿನ ಗಡಿಯಾರವೇ ಇರಲಿಲ್ಲ. ಹಿಂದಿರುವ ತಂಡ ಕೊನೆಯಲ್ಲಿ ಇಡೀ ಅಂಕಣದಲ್ಲಿ ಮೈಮೇಲೆ ಬಿದ್ದು ಪ್ರೆಸ್ ಮಾಡುವಾಗ ನಮ್ಮವರಿಗೆ ಗಡಿಯಾರ ನೋಡಿಯೇ ಗಾಬರಿ. ಟರ್ನೋವರ್‌ಗಳಲ್ಲಿ ಹೆಚ್ಚಿನವು 15ನೇ ಸೆಕೆಂಡಿನ ನಂತರ ಆದವು.

ಇನ್ನೊಂದು ಕಾರಣ ವಿಡಿಯೋದಲ್ಲಿರಲಿಲ್ಲ, ಕ್ಯಾಂಟೀನಿನಲ್ಲಿತ್ತು. ನಮ್ಮ ಮುಖ್ಯ ಸ್ಕೋರರ್, ಬೆಂಗಳೂರಿನ ಹುಡುಗ, ಮೂರನೇ ಕ್ವಾರ್ಟರ್‌ವರೆಗೆ ಚೆನ್ನಾಗಿ ಪಾಸ್ ಕೊಡುವವನು ಕೊನೆಯಲ್ಲಿ ಮೂವರ ನಡುವೆ ನುಗ್ಗಿ ಚೆಂಡು ಕಳೆದುಕೊಳ್ಳುತ್ತಿದ್ದ. ಚಹಾ ಕುಡಿಯುತ್ತಾ ಕೇಳಿದೆ. ಅವನು ಮುಚ್ಚಿಡಲಿಲ್ಲ. ‘ಸಾರ್, 20 ದಾಟಿದ್ರೆ ಬೋನಸ್ ಅಲ್ವಾ?’ ಹೊರಗಿನ ಐವರ ಒಪ್ಪಂದದಲ್ಲಿ ಪಂದ್ಯಕ್ಕೆ 20 ಪಾಯಿಂಟ್ ದಾಟಿದರೆ ಹೆಚ್ಚುವರಿ ಹಣ ಎಂದು ಯಜಮಾನರು ಕೈಯಲ್ಲಿ ಬರೆದಿದ್ದರು. ಮೂರನೇ ಕ್ವಾರ್ಟರ್ ಮುಗಿದಾಗ ಅವನ ಲೆಕ್ಕ ಸಾಮಾನ್ಯವಾಗಿ 14 ಅಥವಾ 16ರಲ್ಲಿ ಇರುತ್ತಿತ್ತು. ಸಾಗರದ ಹುಡುಗ ಯಾಕೆ ಎಸೆಯುತ್ತಿರಲಿಲ್ಲ ಎಂಬುದಕ್ಕೂ ಉತ್ತರ ಅಲ್ಲೇ ಸಿಕ್ಕಿತು. ಹಾಕಿದರೆ ಅವನಿಗೆ ಏನೂ ಇಲ್ಲ, ತಪ್ಪಿದರೆ ಬೆಂಗಳೂರಿನ ಅಣ್ಣನ ಬೋನಸ್ ಕೆಡಿಸಿದವನು.

ಬೆಂಗಳೂರಿನ ಆ ಹುಡುಗನನ್ನು ಸ್ವಾರ್ಥಿ ಎನ್ನಲು ನನಗೆ ಮನಸ್ಸಿಲ್ಲ. ಅವನ ತಂಗಿಯ ಮದುವೆ ಗೊತ್ತಾಗಿತ್ತು. ನಾವು ಬರೆದುಕೊಟ್ಟ ಒಪ್ಪಂದ ಏನು ಕೇಳಿತ್ತೋ ಅದನ್ನು ಅವನು ಪ್ರಾಮಾಣಿಕವಾಗಿ ಮಾಡುತ್ತಿದ್ದ.

ಮಂಡಿಯಲ್ಲಿ ನಡೆದ ಮಾತು

ಈ ಪ್ರಕರಣ ತಿರುಗಿದ್ದು ಅಂಕಣದಲ್ಲಲ್ಲ, ಅಡಿಕೆ ಚೀಲಗಳ ನಡುವೆ. ಯಜಮಾನರಿಗೆ ಬೋನಸ್ ತೆಗೆಯುವ ಮಾತೇ ಹಿಡಿಸಲಿಲ್ಲ. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಒಂದೊಂದಕ್ಕೂ ಒಂದೊಂದು ಧಾರಣೆ ಕೂಗುವ ಲೋಕ ಅವರದ್ದು. ‘ಒಳ್ಳೇ ಮಾಲಿಗೆ ಒಳ್ಳೇ ರೇಟು. ಬುಟ್ಟಿಗೆ ಹಾಕೋನಿಗೆ ಕೊಡ್ದೆ ಇನ್ಯಾರಿಗೆ ಕೊಡ್ಲಿ?’

ಕೋಚ್ ಲ್ಯಾಪ್‌ಟಾಪ್ ತೆರೆದು ಗ್ರಾಫ್ ತೋರಿಸಿದ. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. ಮಾಸ್ತರರನ್ನು ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದೆ. ಅಷ್ಟು ಹೊತ್ತು ಸುಮ್ಮನಿದ್ದವರು ಕೇಳಿದರು: ‘ಅಲ್ಲ ಯಜಮಾನ್ರೆ, ಅಡಿಕೆ ಕೊನೆ ತೆಗೆಯೋವಾಗ ಮರ ಹತ್ತಿದವನು ಗೊನೆ ಕೊಯ್ತಾನೆ. ಅದು ಜಾರಿ ಇಳಿಯೋಕೆ ಕೆಳಗೊಬ್ಬ ಹಗ್ಗ ಹಿಡ್ಕೊಂಡಿರ್ತಾನೆ. ಕೊಯ್ದವನಿಗೆ ಮಾತ್ರ ಕೂಲಿ, ಹಗ್ಗ ಹಿಡಿದವನಿಗೆ ಇಲ್ಲ ಅಂದ್ರೆ ನಿಮ್ ತೋಟದ ಅಡಿಕೆ ಎಲ್ಲಿ ಬೀಳತ್ತೆ?’

ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿ’ ಎಂದು ತಾವೇ ನಕ್ಕರು. ಅವತ್ತೇ ಪಾಯಿಂಟ್ ಬೋನಸ್ ಹೋಯಿತು. ಪಂದ್ಯ ಗೆದ್ದರೆ 12 ಜನರಿಗೂ ಸಮನಾಗಿ ಹಂಚುವುದೆಂದಾಯಿತು. ಮಾಸ್ತರರು ಸಹಾಯಕ ಕೋಚ್ ಆಗಿ ವಾಪಸ್ ಬಂದರು. ಗ್ರಾಫಿನಲ್ಲೂ ಇದೇ ವಿಷಯ ಇತ್ತಾದರೂ ಅದು ಯಜಮಾನರ ತೋಟದ ದಾರಿಯಾಗಿ ಬಂದಿರಲಿಲ್ಲ.

ಅಣ್ಣ ಎನ್ನಬಾರದು

ಮಾಸ್ತರರು ಬಂದ ಮೇಲೆ ಕಂಡ ಇನ್ನೊಂದು ರೋಗ ಮೌನ. ಬ್ಯಾಸ್ಕೆಟ್‌ಬಾಲಿನಲ್ಲಿ ರಕ್ಷಣೆ ಎಂದರೆ ಅರ್ಧ ಕಾಲು, ಅರ್ಧ ಬಾಯಿ. ಎದುರಾಳಿ ಸ್ಕ್ರೀನ್ ಹಾಕಿ ದಾರಿ ಕಟ್ಟಲು ಬಂದಾಗ ಹಿಂದಿರುವವನು ಕೂಗಿ ಹೇಳದಿದ್ದರೆ ಮುಂದಿರುವವನು ಹೋಗಿ ಡಿಕ್ಕಿ ಹೊಡೆಯುತ್ತಾನೆ. ನಮ್ಮ ಹುಡುಗರು ಕೂಗುತ್ತಿರಲಿಲ್ಲ. ಹೊರಗಿನವರು ವಯಸ್ಸಿನಲ್ಲಿ ದೊಡ್ಡವರು, ಸಂಬಳದವರು. ‘ಅಣ್ಣಾ, ಸ್ವಲ್ಪ ಎಡಕ್ಕೆ ಬರ್ತೀರಾ’ ಎಂದು ತೀರ್ಥಹಳ್ಳಿಯ ಹುಡುಗ ಕೇಳಿ ಮುಗಿಸುವುದರೊಳಗೆ ಎದುರಾಳಿ ರಿಂಗಿನ ಹತ್ತಿರಕ್ಕೇ ನುಗ್ಗಿ ಲೇ-ಅಪ್ ಹಾಕಿ ವಾಪಸ್ ಓಡುತ್ತಿದ್ದ.

ಮಾಸ್ತರರು ಗೆರೆಯೊಳಗೆ ಅಣ್ಣ, ಸಾರ್, ಬನ್ನಿ, ಹೋಗಿ ಎಲ್ಲ ನಿಷೇಧಿಸಿದರು. ಆರೇ ಶಬ್ದ: ಎಡ, ಬಲ, ಹಿಂದೆ, ಬದಲು, ನಂದು, ಬಿಡು. ತಮಿಳಿನವನೂ ಕೇರಳದವನೂ ಒಂದೇ ದಿನದಲ್ಲಿ ಕಲಿತರು. ನಮ್ಮವರಿಗೆ ‘ಬಿಡು’ ಎಂದು ದೊಡ್ಡವರಿಗೆ ಕೂಗಲು ಮೂರು ವಾರ ಬೇಕಾಯಿತು. ಗೆರೆಯ ಆಚೆ ಬಂದ ತಕ್ಷಣ ಮತ್ತೆ ಅಣ್ಣ. ಯುವ ಕೋಚ್ ತನ್ನ ನಲವತ್ತು ವ್ಯೂಹಗಳನ್ನು ಐದಕ್ಕೆ ಇಳಿಸಿದ. ಅದಕ್ಕೆ ಅವನಿಗೂ ಧೈರ್ಯ ಬೇಕಿತ್ತು. ಕಲಿತದ್ದನ್ನು ಬಿಟ್ಟುಕೊಡುವುದು ಸುಲಭವಲ್ಲ.

ಆ ವರ್ಷದ ಉಳಿದ ಏಳು ಪಂದ್ಯಗಳಲ್ಲಿ 3 ಗೆದ್ದೆವು. ಸೋತ ಒಂದು ಪಂದ್ಯವನ್ನು ಇಲ್ಲಿ ಹೇಳಬೇಕು. ಕೊನೆಯ ಐದು ನಿಮಿಷ ಇದ್ದಾಗ ಮುಖ್ಯ ಸ್ಕೋರರ್ ಹಳೇ ಚಾಳಿಯಂತೆ ಎರಡು ಸಲ ಚೆಂಡು ಕಳೆದುಕೊಂಡ. ಕೋಚ್ ಅವನನ್ನು ಹೊರಗೆ ಕೂರಿಸಿ ಸಾಗರದ ಹುಡುಗನನ್ನು ಇಳಿಸಿದ. ಗ್ಯಾಲರಿಯಲ್ಲಿ ಯಜಮಾನರು ಎದ್ದು ನಿಂತರು. ಮೂರು ಪಾಯಿಂಟಿನಿಂದ ಸೋತೆವು. ಆದರೆ ಆ ಬದಲಾವಣೆಯ ನಂತರ ಒಂದು ಸಲವೂ ಚೆಂಡು ಕೈತಪ್ಪಲಿಲ್ಲ. ಸಾಗರದ ಹುಡುಗ ಗೆರೆಯಾಚೆಯಿಂದ ನಾಲ್ಕು ಎಸೆದು ಒಂದು ಹಾಕಿದ. ಫಲಿತಾಂಶ ಮಾತ್ರ ನೋಡುವ ಸಮಿತಿಯಾಗಿದ್ದರೆ ಮರುದಿನ ಕೋಚ್ ಹೋಗುತ್ತಿದ್ದ. ಯಜಮಾನರು ರಾತ್ರಿ ನನಗೆ ಫೋನ್ ಮಾಡಿ ‘ನಿನ್ ಹೊಸಾ ಹಾಳೆ ಏನ್ ಹೇಳತ್ತೆ?’ ಎಂದು ಕೇಳಿದರು. ಹೇಳಿದೆ. ಕೋಚ್ ಉಳಿದ.

ಮಳೆಗಾಲದ ಗೋದಾಮು

ಮೂರನೇ ವರ್ಷದ ಮಳೆಗೆ ಯಜಮಾನರು ಖಾಲಿಯಿದ್ದ ಒಂದು ಗೋದಾಮು ಬಿಟ್ಟುಕೊಟ್ಟರು. ಛಾವಣಿ ತಗ್ಗು, ಬುಟ್ಟಿ ಹಾಕಲು ಎತ್ತರ ಸಾಲದು. ಎಸೆತದ ಅಭ್ಯಾಸವೇ ಇಲ್ಲದ ಬ್ಯಾಸ್ಕೆಟ್‌ಬಾಲ್ ಎಂಥದ್ದು ಎಂದು ಎಲ್ಲರೂ ನಕ್ಕರು. ನಮಗೆ ಬೇಕಿದ್ದದ್ದು ಅದೇ ಎಂದು ಆಮೇಲೆ ತಿಳಿಯಿತು. ತೋಟಕ್ಕೆ ಬೋರ್ಡೋ ದ್ರಾವಣ ಕಲಸಲು ತಂದಿದ್ದ ಸುಣ್ಣದಲ್ಲಿ ಗೆರೆ ಎಳೆದರು. ನಾಲ್ಕು ತಿಂಗಳು ಬರೀ ಡ್ರಿಬಲ್, ಪಾಸ್, ಕಾಲಿನ ಚಲನೆ, ಪ್ರೆಸ್ ಬಿಡಿಸಿಕೊಳ್ಳುವುದು. ನೆಲ ನುಣುಪಾಗಿದ್ದರಿಂದ ಲೀಗಿನ ಚೆಂಡನ್ನೇ ಬಳಸಬಹುದಿತ್ತು. ಮೊಬೈಲಿಗೆ ಸ್ಪೀಕರ್ ಸಿಕ್ಕಿಸಿ 24 ಸೆಕೆಂಡಿಗೊಮ್ಮೆ ಗಂಟೆ.

ತಗಡಿನ ಮೇಲೆ ಮಳೆ ಹೊಯ್ಯುವಾಗ ಆ ಗಂಟೆಯೂ ಕೇಳಿಸುತ್ತಿರಲಿಲ್ಲ, ಆರು ಶಬ್ದಗಳೂ ಕೇಳಿಸುತ್ತಿರಲಿಲ್ಲ. ಹುಡುಗರು ತಾವಾಗಿಯೇ ಕೈಸನ್ನೆ ಕಟ್ಟಿಕೊಂಡರು. ಸೆಕೆಂಡುಗಳನ್ನು ಮನಸ್ಸಿನಲ್ಲೇ ಎಣಿಸಲು ಕಲಿತರು. ಲೀಗಿನಲ್ಲಿ ಗ್ಯಾಲರಿ ಬೊಬ್ಬೆ ಹೊಡೆಯುವಾಗ ಅದೇ ಕೈಹಿಡಿಯಿತು. ಯಾವ ಕೋಚೂ ಯೋಜಿಸಿದ್ದಲ್ಲ ಇದು.

ಸಿಕ್ಕಿದ್ದು, ಸಿಗದೇ ಹೋದದ್ದು

ಮೂರನೇ ವರ್ಷ 14ರಲ್ಲಿ 7 ಗೆದ್ದೆವು. ಕೊನೆಯ ಕ್ವಾರ್ಟರ್‌ನ ಟರ್ನೋವರ್ ಮೂರು ನಾಲ್ಕಕ್ಕೆ ಇಳಿಯಿತು. ಪ್ರಶಸ್ತಿ ಗಿಶಸ್ತಿ ಏನೂ ಬರಲಿಲ್ಲ.

ಹೊಸ ಬೋನಸ್ ಹೊಸ ತೊಂದರೆ ತಂದಿತು. ಮೊದಲಾರು ಪಂದ್ಯಗಳಲ್ಲಿ ಎಲ್ಲರೂ ದಾನಶೂರರಾದರು. ಖಾಲಿ ನಿಂತವನೂ ಎಸೆಯದೆ ಪಾಸ್ ಕೊಟ್ಟು, 24 ಸೆಕೆಂಡ್ ಮುಗಿಸಿ, ಎಸೆಯದೆಯೇ ಚೆಂಡು ಕಳೆದುಕೊಳ್ಳುತ್ತಿದ್ದರು. ಮಾಸ್ತರರು ಅದಕ್ಕೆ ಅಡಿಕೆಗೆ ಬರುವ ಕೊಳೆರೋಗದ ಹೆಸರಿಟ್ಟರು. ಒಂದು ಗೊನೆಗೆ ಬಂದರೆ ಪಕ್ಕದ್ದಕ್ಕೆ ಹತ್ತುತ್ತದೆ. ಫ್ರೀ ಥ್ರೋ ಮೂರೂ ವರ್ಷ ಸುಧಾರಿಸಲಿಲ್ಲ. ಗೋದಾಮಿನಲ್ಲಿ ರಿಂಗೇ ಇರಲಿಲ್ಲವಲ್ಲ! ಸೋತ ಪಂದ್ಯಗಳಲ್ಲಿ ಎರಡು ಬರೀ ಫ್ರೀ ಥ್ರೋದಿಂದ ಹೋದವು. ಎರಡನೇ ವರ್ಷ ಬಂದ ಎತ್ತರದ ಸೆಂಟರ್‌ಗೆ ಕೊಟ್ಟ ಹಣದಲ್ಲಿ ಊರಿನ ಅಂಕಣಕ್ಕೆ ಶೀಟ್ ಹೊದಿಸಬಹುದಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಸಮಿತಿಯಲ್ಲಿ ಇದಕ್ಕೆ ಒಪ್ಪುವವರು ಕಡಿಮೆ.

ಮುಖ್ಯ ಸ್ಕೋರರ್‌ಗೆ ಮೂರನೇ ವರ್ಷದ ಅರ್ಧದಲ್ಲಿ ರೈಲ್ವೆ ನೌಕರಿ ಸಿಕ್ಕಿತು. ತಂಗಿಯ ಮದುವೆಗೆ ನಮ್ಮನ್ನೆಲ್ಲ ಕರೆದ, ಹೋಗಿ ಬಂದೆವು. ಅವನ ಜಾಗಕ್ಕೆ ಹೊರಗಿನಿಂದ ಯಾರನ್ನೂ ತರಲಿಲ್ಲ. ಉಳಿದ ಸಂಬಳವನ್ನು ಊರಿನ ಏಳು ಹುಡುಗರಿಗೆ ತಿಂಗಳ ಲೆಕ್ಕದಲ್ಲಿ ಕೊಡಲು ತೀರ್ಮಾನಿಸಿದರು. ಮೂರು ವರ್ಷದಲ್ಲಿ ಯಾರ ಒತ್ತಾಯವೂ ಇಲ್ಲದೆ ಯಜಮಾನರು ತೆಗೆದುಕೊಂಡ ಮೊದಲ ತೀರ್ಮಾನ ಅದು.

ಈ ವರ್ಷ ಗೋದಾಮು ಬಾಡಿಗೆಗೆ ಹೋಗಿದೆ. ಆಷಾಢದಲ್ಲಿ ಮದುವೆ ಇಲ್ಲದ್ದರಿಂದ ಒಂದು ಕಲ್ಯಾಣ ಮಂಟಪ ಕಡಿಮೆ ದುಡ್ಡಿಗೆ ಸಿಕ್ಕಿದೆ. ಚೆಂಡು ವೇದಿಕೆಯ ಕಡೆ ಹೋಗಕೂಡದು ಎಂಬುದು ಮಾಲೀಕರ ಷರತ್ತು. ಶ್ರಾವಣ ಬರುವುದರೊಳಗೆ ಬೇರೆ ಜಾಗ ಹುಡುಕಬೇಕು. ನಿನ್ನೆ ಮಾಸ್ತರರು ಒಂದು ರೈಸ್ ಮಿಲ್ ನೋಡಿ ಬಂದಿದ್ದಾರೆ.